ಲಷ್ಕರಿನಿಂದ ಕಾಲೇಜಿಗೆ

ಮೂವತ್ತೇಳನೆಯ ವಯಸ್ಸಿನಲ್ಲಿ ಮತ್ತೆ ಓದಲು ಕೂರುವವರು ಯಾವ ವಿಷಯ ಓದಬೇಕು? ಇದೇ ಪ್ರಶ್ನೆ ಹದಿನೆಂಟರ ಹುಡುಗನಿಗೆ ಬಂದರೆ ಸಲಹೆ ಕೊಡಲು ಅಪ್ಪ, ಅಮ್ಮ, ಸೋದರಮಾವ, ಟ್ಯೂಷನ್ ಮೇಷ್ಟ್ರು, ಪಕ್ಕದ ಮನೆಯವರು ಎಲ್ಲರೂ ನಾ ಮುಂದೆ ತಾ ಮುಂದೆ ಎಂದು ಬರುತ್ತಾರೆ. ಹದಿನೇಳು ವರ್ಷ ಸೇನೆಯಲ್ಲಿ ದುಡಿದು, ಡಿಸ್ಚಾರ್ಜ್ ಬುಕ್ ಹಿಡಿದು ಹೊರಬಂದು, ಸಿಕಂದರಾಬಾದಿನ ಯಾಪ್ರಾಲ್‌ನಲ್ಲೋ ಅಲ್ವಾಲ್‌ನಲ್ಲೋ ಬಾಡಿಗೆ ಮನೆ ಮಾಡಿದ ಮಾಜಿ ಸೈನಿಕನಿಗೆ ಸಲಹೆಗಾರ ಸಾಮಾನ್ಯವಾಗಿ ಒಬ್ಬನೇ: ತನಗಿಂತ ಮೊದಲು ಪೆನ್ಷನ್ ಬಂದ ಅದೇ ಯೂನಿಟ್ಟಿನ ಗೆಳೆಯ. ಆ ಗೆಳೆಯ ಗಚ್ಚಿಬೌಲಿಯ ಯಾವುದೋ ಐಟಿ ಕಟ್ಟಡದ ಗೇಟಿನಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್ ಆಗಿದ್ದರೆ ಇವನೂ ಅಲ್ಲಿಗೇ ಹೋಗುತ್ತಾನೆ.

ಗೇಟು ಕಾಯುವುದು ಕೀಳು ಕೆಲಸವೇನಲ್ಲ. ಖಾಸಗಿ ಭದ್ರತಾ ಏಜೆನ್ಸಿಗಳ ಕುರಿತ 2005ರ ಕೇಂದ್ರ ಕಾಯ್ದೆಯೇ ಕಾವಲು ಕೆಲಸಕ್ಕೆ ಮಾಜಿ ಸೈನಿಕರಿಗೆ ಆದ್ಯತೆ ಕೊಡಬಹುದು ಎನ್ನುತ್ತದೆ. ಆದರೆ ಟ್ಯಾಂಕಿನ ಎಂಜಿನ್ ಬಿಚ್ಚಿ ಜೋಡಿಸಿದವನು, ರೇಡಾರ್ ರಿಪೇರಿ ಮಾಡಿದವನು, ಸಾವಿರಾರು ಬಿಡಿಭಾಗಗಳ ಲೆಕ್ಕ ಇಟ್ಟವನು, ಐವತ್ತು ಜನರ ಅಡುಗೆಮನೆ ನಡೆಸಿದವನು, ಎಲ್ಲರೂ ಒಂದೇ ಗೇಟಿನ ಮುಂದೆ ಒಂದೇ ನೀಲಿ ಅಂಗಿ ತೊಟ್ಟು ನಿಂತರೆ ಎಲ್ಲೋ ಏನೋ ತಪ್ಪಿದೆ ಎಂದೇ ಅರ್ಥ. ದೇಶದಲ್ಲಿ ವರ್ಷಕ್ಕೆ ಸುಮಾರು 60 ಸಾವಿರ ಮಂದಿ ಮೂರೂ ಸೇನೆಗಳಿಂದ ಹೊರಬರುತ್ತಾರೆ. ಅವರಲ್ಲಿ ಹೆಚ್ಚಿನವರ ವಯಸ್ಸು 35ರಿಂದ 45. ಪಡೆಯನ್ನು ಚುರುಕಾಗಿಡಲು ಸೇನೆ ಅವರನ್ನು ಬೇಗ ಕಳಿಸಿಕೊಡುತ್ತದೆ. ಬ್ಯಾಂಕಿನ ನೌಕರನೋ ಶಾಲೆಯ ಮೇಷ್ಟ್ರೋ ಬಡ್ತಿಯ ಕನಸು ಕಾಣುವ ವಯಸ್ಸಿನಲ್ಲಿ ಇವರು ಅರ್ಜಿ ಹಿಡಿದು ಮೊದಲಿನಿಂದ ಶುರುಮಾಡಬೇಕು.

ಈ ವಿಷಯ ಮಾತಾಡಲು ಹೈದರಾಬಾದಿಗಿಂತ ಒಳ್ಳೆಯ ಊರು ಸಿಗಲಿಕ್ಕಿಲ್ಲ. ಇಲ್ಲಿನ ಹಳಬರಿಗೆ ಸಿಕಂದರಾಬಾದ್ ಈಗಲೂ ಲಷ್ಕರ್. ಆಷಾಢದ ಬೋನಾಲು ಜಾತ್ರೆಯೂ ಲಷ್ಕರ್ ಬೋನಾಲು. ಗೋಲ್ಕೊಂಡ ಕೋಟೆಯ ಮಗ್ಗುಲಲ್ಲಿ ಆರ್ಟಿಲರಿ ಸೆಂಟರ್. ತಿರುಮಲಗಿರಿಯ ಕಡೆ ಆರ್ಮಿ ಆರ್ಡ್ನೆನ್ಸ್ ಕೋರ್‌ನ ಸೆಂಟರ್, ಸೇನೆಯ ಎಲೆಕ್ಟ್ರಾನಿಕ್ಸ್ ಮತ್ತು ಮೆಕ್ಯಾನಿಕಲ್ ಎಂಜಿನಿಯರುಗಳ ಇಎಂಇ ಸೆಂಟರ್, 1953ರಲ್ಲಿ ಶಾಲೆಯಾಗಿ ಶುರುವಾದ ಇಎಂಇ ಮಿಲಿಟರಿ ಕಾಲೇಜು. ದುಂಡಿಗಲ್‌ನಲ್ಲಿ ವಾಯುಪಡೆಯ ಅಕಾಡೆಮಿ, ಹಕೀಂಪೇಟೆ ಮತ್ತು ಬೇಗಂಪೇಟೆಗಳಲ್ಲಿ ವಾಯುನೆಲೆ. ಸೈನಿಕಪುರಿಯಂತೂ ರಕ್ಷಣಾ ಪಡೆಯ ಅಧಿಕಾರಿಗಳು ಸಹಕಾರ ಸಂಘ ಕಟ್ಟಿಕೊಂಡು ಎಬ್ಬಿಸಿದ ಬಡಾವಣೆ. ಬೀದರ್, ಕಲಬುರಗಿ, ರಾಯಚೂರು, ಯಾದಗಿರಿಯ ಹುಡುಗರಿಗೆ ಬೆಂಗಳೂರಿಗಿಂತ ಈ ಊರೇ ಹತ್ತಿರ. ಸೇನೆ ಸೇರಿದ ಕಲ್ಯಾಣ ಕರ್ನಾಟಕದ ಎಷ್ಟೋ ಮಂದಿ ತರಬೇತಿಗೋ ಪೋಸ್ಟಿಂಗಿಗೋ ಇಲ್ಲಿಗೆ ಬಂದು, ಹೊರಬಂದ ಮೇಲೆ ಇಲ್ಲೇ ನೆಲೆ ನಿಲ್ಲುತ್ತಾರೆ. ಮಗಳ ಹತ್ತನೇ ಕ್ಲಾಸು ಮುಗಿಯುವವರೆಗೆ ಶಾಲೆ ಬದಲಿಸುವುದು ಬೇಡ ಎಂಬ ಒಂದೇ ಕಾರಣಕ್ಕೆ ಅಪ್ಪನ ಎರಡನೇ ಉದ್ಯೋಗ ಯಾವ ಊರಿನಲ್ಲಿ ಎಂಬುದು ತೀರ್ಮಾನವಾಗುವುದೂ ಉಂಟು.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಸೇನಾ ಭರ್ತಿಯಲ್ಲಿ ಜನರಲ್ ಡ್ಯೂಟಿ, ಟೆಕ್ನಿಕಲ್, ಟ್ರೇಡ್ಸ್‌ಮನ್ ಇರುವಂತೆ ಕ್ಲರ್ಕ್ ಹಾಗೂ ಸ್ಟೋರ್‌ಕೀಪರ್ ಟೆಕ್ನಿಕಲ್ ಎಂಬ ವಿಭಾಗವೂ ಇದೆ. ಬಾಯಿಮಾತಿನಲ್ಲಿ ಎಸ್‌ಕೆಟಿ. ಆರ್ಡ್ನೆನ್ಸ್ ಡಿಪೋದಲ್ಲಿ ಈ ಎಸ್‌ಕೆಟಿಯ ದಿನ ಹೇಗಿರುತ್ತದೆ? ಲಾರಿಯ ಕ್ಲಚ್ ಪ್ಲೇಟಿನಿಂದ ಹಿಡಿದು ಡೇರೆಯ ಗೂಟದವರೆಗೆ ಪ್ರತಿ ವಸ್ತುವಿಗೂ ಒಂದು ಪಾರ್ಟ್ ನಂಬರ್, ಇಡಲು ಒಂದು ಜಾಗ, ದಾಸ್ತಾನು ಬರೆದು ನೇತುಹಾಕಲು ಒಂದು ಬಿನ್ ಕಾರ್ಡ್. ಯೂನಿಟ್ಟಿನಿಂದ ಇಂಡೆಂಟ್ ಬಂದರೆ ವೋಚರ್ ಮಾಡಿ ಮಾಲು ಹೊರಡಿಸಬೇಕು, ಲೆಡ್ಜರಿನಲ್ಲಿ ಕಳೆಯಬೇಕು. ಟೈರು, ಬ್ಯಾಟರಿ, ರಬ್ಬರ್ ಸಾಮಾನು ಹಳತಾಗುವ ಮೊದಲೇ ಹೊರಗೆ ಹೋಗಬೇಕು. ಮೊದಲು ಬಂದದ್ದು ಮೊದಲು ಹೊರಡಬೇಕು. ಸ್ಟಾಕ್ ತಪಾಸಣೆಯ ದಿನ ಕಪಾಟಿನಲ್ಲಿ ಇರುವುದಕ್ಕೂ ಪುಸ್ತಕದಲ್ಲಿ ಬರೆದಿರುವುದಕ್ಕೂ ಒಂದು ಬೋಲ್ಟಿನಷ್ಟು ವ್ಯತ್ಯಾಸ ಬಂದರೂ ಉತ್ತರ ಕೊಡಬೇಕು.

ಇದೇ ಕೆಲಸವನ್ನು ಶಂಷಾಬಾದಿನ ಅಮೆಜಾನ್ ಗೋದಾಮಿನಲ್ಲೋ ಮೇಡ್ಚಲ್ ರಸ್ತೆಯ ಉಗ್ರಾಣಗಳಲ್ಲೋ ಮಾಡಿದರೆ ಅದಕ್ಕೆ ಇನ್ವೆಂಟರಿ ಮ್ಯಾನೇಜ್‌ಮೆಂಟ್ ಎಂಬ ಹೆಸರು, ಅದಕ್ಕೆ ತಕ್ಕ ಸಂಬಳ. ಆದರೆ ಎಸ್‌ಕೆಟಿಯ ಬಯೋಡೇಟಾ ನೋಡಿ: ಹೆಸರು, ನಂಬರ್, ಹುದ್ದೆ, ಯೂನಿಟ್ಟು, ಪೋಸ್ಟಿಂಗ್ ಆದ ಊರುಗಳು, ನಡತೆ ಉತ್ತಮ. ಸಂದರ್ಶನ ಮಾಡುವ ಇಪ್ಪತ್ತೆಂಟರ ಎಚ್‌ಆರ್ ಹುಡುಗಿಗೆ ಅದರಲ್ಲಿ ಬಿನ್ ಕಾರ್ಡ್ ಕಾಣುವುದಿಲ್ಲ. ಕಾಣುವುದು ಬಂದೂಕು ಮಾತ್ರ. ಬಂದೂಕಿನವನಿಗೆ ಅವಳಲ್ಲಿರುವ ಕೆಲಸ ಗೇಟಿನದು. ಆತ ಲಾಜಿಸ್ಟಿಕ್ಸ್ ಓದಿನ ಬಿಬಿಎ ಮಾಡಿದ್ದರೆ, ಅಥವಾ ಬಿ.ಕಾಂ ಜೊತೆಗೆ ಗೋದಾಮಿನ ಸಾಫ್ಟ್‌ವೇರಿನ ಒಂದು ಕೋರ್ಸು ಮುಗಿಸಿದ್ದರೆ, ಸೇನೆಯ ಹದಿನೇಳು ವರ್ಷ ಏಕಾಏಕಿ ಅನುಭವವಾಗಿ ಲೆಕ್ಕಕ್ಕೆ ಬರುತ್ತಿತ್ತು. ಅದನ್ನು ಬಿಟ್ಟು, ಸುಲಭ ಎಂದು ಯಾರೋ ಹೇಳಿದರೆಂದು ಆತ ಬಿ.ಎ.ಯಲ್ಲಿ ಇತಿಹಾಸ, ಸಮಾಜಶಾಸ್ತ್ರ ತೆಗೆದುಕೊಂಡಿರುತ್ತಾನೆ. ಇತಿಹಾಸ ಪ್ರೀತಿಯಿಂದ ಓದುವವರು ಓದಲಿ, ಶಿಕ್ಷಕರಾಗಲು ಬಯಸುವವರು ಅದರ ಮೇಲೆ ಬಿ.ಇಡಿ ಮಾಡಲಿ. ಸುಮ್ಮನೆ ಒಂದು ಡಿಗ್ರಿ ಇರಲಿ ಎಂದು ಮಾಡಿದ ಡಿಗ್ರಿ ಮಾತ್ರ ಯಾವ ಬಾಗಿಲನ್ನೂ ತೆರೆಯುವುದಿಲ್ಲ. ಸೇನೆಯಲ್ಲಿ ಕಲಿತ ಟ್ರೇಡಿನಿಂದಲೇ ಓದಿನ ವಿಷಯ ಹೊರಡಬೇಕು, ಆ ಓದು ಸೇವೆಯಲ್ಲಿರುವಾಗಲೇ ಶುರುವಾಗಬೇಕು.

ಸೇವೆಯಲ್ಲಿರುವಾಗ ಓದಿಗೆ ಅಡ್ಡ ಬರುವುದು ಸಮಯವೊಂದೇ ಅಲ್ಲ. ಕೇಂದ್ರ ಸರ್ಕಾರದ ಒಂದು ನಿಯಮ ಒಳ್ಳೆಯ ಉದ್ದೇಶದಿಂದ ಬಂದದ್ದು: ಮೆಟ್ರಿಕ್ ಪಾಸಾಗಿ 15 ವರ್ಷ ಸೇವೆ ಪೂರೈಸಿದ ಮಾಜಿ ಸೈನಿಕರನ್ನು, ಪದವಿ ಕೇಳುವ ಗ್ರೂಪ್ ಸಿ ಹುದ್ದೆಗಳಿಗೆ ಅರ್ಹರೆಂದು ಪರಿಗಣಿಸಬಹುದು. ಇದರ ಆಧಾರದ ಮೇಲೆ ಹೊರಬರುವಾಗ ಒಂದು ಪ್ರಮಾಣಪತ್ರ ಸಿಗುತ್ತದೆ. ಇದರಿಂದ ಬ್ಯಾಂಕಿನಲ್ಲಿ, ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಕ್ಲರ್ಕ್ ಆದವರು ಸಾವಿರಾರು ಮಂದಿ. ಆದರೆ ಪ್ರಮಾಣಪತ್ರ ಕೈಗೆ ಬಂದಾಕ್ಷಣ ತಾನು ಗ್ರಾಜುಯೇಟ್ ಆದೆ ಎಂದು ನಂಬಿ ಓದನ್ನು ಕೈಬಿಟ್ಟವರೂ ಅಷ್ಟೇ ಇದ್ದಾರೆ. ಆ ಕಾಗದ ಖಾಸಗಿ ಕಂಪನಿಯಲ್ಲಿ ನಡೆಯುವುದಿಲ್ಲ, ಎಂಬಿಎ ಪ್ರವೇಶಕ್ಕೆ ನಡೆಯುವುದಿಲ್ಲ, ಬಿ.ಇಡಿಗೂ ನಡೆಯುವುದಿಲ್ಲ. ಅದು ಒಂದು ಬಗೆಯ ನೇಮಕಾತಿಗೆ ಕೊಟ್ಟ ರಿಯಾಯಿತಿ, ಪದವಿಯಲ್ಲ. ಇದನ್ನು ಪ್ರತಿ ಯೂನಿಟ್ಟಿನ ನೋಟಿಸ್ ಬೋರ್ಡಿನಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಬೇಕು.

ಸರ್ಕಾರಿ ಕೆಲಸವನ್ನೇ ನೆಚ್ಚಿಕೊಂಡವರಿಗೆ ಮೀಸಲಾತಿ ಇದೆ. ಕೇಂದ್ರದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 10, ಸಾರ್ವಜನಿಕ ಉದ್ಯಮ ಮತ್ತು ಬ್ಯಾಂಕುಗಳ ಗ್ರೂಪ್ ಸಿಯಲ್ಲಿ ಅಂಗವಿಕಲ ಸೈನಿಕರು ಮತ್ತು ಹುತಾತ್ಮರ ಅವಲಂಬಿತರ ಪಾಲೂ ಸೇರಿ ಶೇ 14.5. ವಯೋಮಿತಿಯಲ್ಲಿ ಸೇವೆಯ ಅಷ್ಟೂ ವರ್ಷ ಕಳೆದು ಮತ್ತೆ ಮೂರು ವರ್ಷದ ರಿಯಾಯಿತಿ. ಆದರೂ ಪರೀಕ್ಷೆ ಪರೀಕ್ಷೆಯೇ. ಬ್ಯಾಂಕಿನ ಪ್ರಿಲಿಮ್ಸ್‌ನಲ್ಲಿ ಒಂದು ಗಂಟೆಗೆ ನೂರು ಪ್ರಶ್ನೆ. ಇಪ್ಪತ್ತು ವರ್ಷ ಶೇಕಡಾವಾರು ಲೆಕ್ಕ ಮಾಡದವರಿಗೆ ಆ ಒಂದು ಗಂಟೆ ಗಡಿಯ ಗಸ್ತಿಗಿಂತ ಭಾರ.

ಓದಲು ಕೂತವರಿಗೆ ದಾರಿ ತಪ್ಪಿಸುವವರೂ ಇದ್ದಾರೆ. ಕಂಟೋನ್ಮೆಂಟಿನ ಗೋಡೆಗಳ ಮೇಲೆ 'ಒಂದೇ ವರ್ಷದಲ್ಲಿ ಪದವಿ' ಎಂಬ ಭಿತ್ತಿಪತ್ರ ಹಚ್ಚುವವರ ಮಾತಿಗೆ ಸೈನಿಕ ಬೇಗ ಮರುಳಾಗುತ್ತಾನೆ. ಏಕೆಂದರೆ ಅವನು ಬದುಕಿದ ಲೋಕದಲ್ಲಿ ಮೊಹರು ಬಿದ್ದ ಕಾಗದ ಎಂದೂ ಸುಳ್ಳಾಗಿರಲಿಲ್ಲ. ದೂರಶಿಕ್ಷಣದಲ್ಲಿ ಬಿ.ಟೆಕ್ ಮಾಡಿಸುತ್ತೇವೆ ಎಂದು ನಾಲ್ಕು ಡೀಮ್ಡ್ ವಿಶ್ವವಿದ್ಯಾಲಯಗಳು ಕೊಟ್ಟ ಪದವಿಗಳ ವಿಷಯದಲ್ಲಿ 2017ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕಟ್ಟುನಿಟ್ಟಿನ ತೀರ್ಪು ಕೊಟ್ಟಿತು. ಎಂಜಿನಿಯರಿಂಗ್ ಅಂಚೆಯಲ್ಲಿ ಕಲಿಯುವ ವಿದ್ಯೆಯಲ್ಲ ಎಂಬುದು ಆಗ ದೇಶಕ್ಕೆಲ್ಲ ಗೊತ್ತಾಯಿತು. ನಮ್ಮ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವೂ 2013-14ರಿಂದ ಯುಜಿಸಿ ಮಾನ್ಯತೆ ಕಳೆದುಕೊಂಡು, 2018ರಲ್ಲಿ ಮರಳಿ ಪಡೆಯಿತು. ಆ ನಡುವಿನ ವರ್ಷಗಳಲ್ಲಿ ಓದಿದವರ ಪರದಾಟ ಕನ್ನಡಿಗರಿಗೆ ನೆನಪಿದೆ. ಶುಲ್ಕ ಕಟ್ಟುವ ಮೊದಲು ಆ ವರ್ಷ, ಆ ಕೋರ್ಸಿಗೆ ಯುಜಿಸಿಯ ದೂರಶಿಕ್ಷಣ ಬ್ಯೂರೊದ ಒಪ್ಪಿಗೆ ಇದೆಯೇ ಎಂದು ನೋಡಿಕೊಳ್ಳುವುದು ಹತ್ತು ನಿಮಿಷದ ಕೆಲಸ.

ಮುಕ್ತ ವಿಶ್ವವಿದ್ಯಾಲಯ ಎಂಬ ಕಲ್ಪನೆಯೇ ಭಾರತದಲ್ಲಿ ಮೊದಲು ಸಾಕಾರವಾದದ್ದು ಹೈದರಾಬಾದಿನಲ್ಲಿ. 1982ರಲ್ಲಿ ಆಂಧ್ರಪ್ರದೇಶ ಮುಕ್ತ ವಿಶ್ವವಿದ್ಯಾಲಯವಾಗಿ ಹುಟ್ಟಿದ್ದು ಇಂದಿನ ಡಾ. ಬಿ.ಆರ್. ಅಂಬೇಡ್ಕರ್ ಮುಕ್ತ ವಿಶ್ವವಿದ್ಯಾಲಯ. ಕೇಂದ್ರದ ಮುಕ್ತ ವಿಶ್ವವಿದ್ಯಾಲಯ ಇಗ್ನೋ ಬಂದದ್ದು ಮೂರು ವರ್ಷ ತಡವಾಗಿ, 1985ರಲ್ಲಿ. ಪೋಸ್ಟಿಂಗ್ ಬದಲಾದಂತೆ ಪರೀಕ್ಷಾ ಕೇಂದ್ರವನ್ನೂ ಬದಲಿಸಿಕೊಳ್ಳಬಹುದಾದ ಇಗ್ನೋ ಸೈನಿಕನಿಗೆ ಹೇಳಿ ಮಾಡಿಸಿದಂತಿದೆ. ತೊಡಕಿರುವುದು ಭಾಷೆಯಲ್ಲಿ. ಆಳಂದದ ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಪಿಯುಸಿ ಓದಿ, ಇಪ್ಪತ್ತು ವರ್ಷ ಬ್ಯಾರಕ್ಕಿನಲ್ಲಿ ಹಿಂದಿಯಲ್ಲೇ ಉಸಿರಾಡಿದವನ ಮುಂದೆ ಇಂಗ್ಲಿಷಿನ ಅಸೈನ್‌ಮೆಂಟ್ ಬಂದು ಬೀಳುತ್ತದೆ. ಕನ್ನಡ ಬರೆಯುವ ಕೈ ಜಡ್ಡುಗಟ್ಟಿರುತ್ತದೆ, ಇಂಗ್ಲಿಷ್ ಹಿಡಿತಕ್ಕೆ ಬಂದಿರುವುದಿಲ್ಲ. ಇಂಥವರಿಗೆ ಮೊದಲ ವರ್ಷ ಪಕ್ಕದಲ್ಲಿ ಕೂತು ಓದಿಸುವ ಒಬ್ಬರು ಬೇಕು. ಕಾಚಿಗೂಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವಿದೆ, ಕನ್ನಡಿಗರೇ ಕಟ್ಟಿದ ನೃಪತುಂಗ ಶಾಲೆಯಿದೆ. ನಗರದಲ್ಲಿ ನಿವೃತ್ತ ಕನ್ನಡ ಅಧ್ಯಾಪಕರಿಗೂ ಕೊರತೆಯಿಲ್ಲ. ಭಾನುವಾರ ಎರಡು ಗಂಟೆ ಮಾಜಿ ಸೈನಿಕರಿಗೆ ಪಾಠ ಹೇಳುವುದು ಇಂಥ ಸಂಸ್ಥೆಗಳಿಗೆ ಭಾರವಾಗಲಾರದು.

ಇನ್ನು ಟೆಕ್ನಿಕಲ್ ಟ್ರೇಡಿನವರು. ಅವರಿಗೆ ಈ ಊರಿನಂಥ ಊರಿಲ್ಲ. ಕಂಚನ್‌ಬಾಗಿನಲ್ಲಿ, 1970ರಲ್ಲಿ ಸ್ಥಾಪನೆಯಾದ ಭಾರತ್ ಡೈನಾಮಿಕ್ಸ್ ಕ್ಷಿಪಣಿ ತಯಾರಿಸುತ್ತಿದೆ. ಡಿಆರ್‌ಡಿಒ ಪ್ರಯೋಗಾಲಯಗಳು, ಇಸಿಐಎಲ್, ಅವುಗಳಿಗೆ ಬಿಡಿಭಾಗ ಒದಗಿಸುವ ಸಣ್ಣ ಕಾರ್ಖಾನೆಗಳು ಒಂದು ಕಡೆ. ಆದಿಬಟ್ಲದಲ್ಲಿ ಅಪಾಚೆ ಹೆಲಿಕಾಪ್ಟರಿನ ಒಡಲು ಕಟ್ಟುವ ಟಾಟಾ-ಬೋಯಿಂಗ್ ಘಟಕ, ಶಂಷಾಬಾದ್ ವಿಮಾನ ನಿಲ್ದಾಣದ ಆವರಣದಲ್ಲಿ ಜಿಎಂಆರ್‌ನ ವಿಮಾನ ದುರಸ್ತಿ ಕೇಂದ್ರ ಇನ್ನೊಂದು ಕಡೆ. ವಾಯುಪಡೆಯಲ್ಲಿ ಏರ್‌ಫ್ರೇಮ್ ಅಥವಾ ಎಂಜಿನ್ ಫಿಟ್ಟರ್ ಆಗಿದ್ದವನು ಇಲ್ಲಿ ಬಿ.ಎ. ಬೆನ್ನು ಹತ್ತಬಾರದು. ಅವನಿಗೆ ಬೇಕಾದದ್ದು ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎಯ ವಿಮಾನ ನಿರ್ವಹಣಾ ಎಂಜಿನಿಯರ್ ಲೈಸೆನ್ಸ್. ಅದರ ಪರೀಕ್ಷೆಗಳನ್ನು ಮಾಡ್ಯೂಲ್ ಮಾಡ್ಯೂಲಾಗಿ ಬರೆಯಬಹುದು: ಗಣಿತ, ಭೌತಶಾಸ್ತ್ರ, ವಿದ್ಯುತ್ತಿನ ಮೂಲಪಾಠ, ವಾಯುಬಲ ವಿಜ್ಞಾನ, ಹೀಗೆ. ಸೇನೆಯ ಅನುಭವವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ, ಅದರ ಮೇಲೆ ನಾಗರಿಕ ವಿಮಾನದ ಮೇಲೆ ಕೆಲಸ ಮಾಡಿದ ಅನುಭವವನ್ನೂ ಕೇಳುತ್ತಾರೆ. ಸೇವೆ ಮುಗಿಯಲು ನಾಲ್ಕೈದು ವರ್ಷ ಇರುವಾಗಲೇ ಮಾಡ್ಯೂಲುಗಳನ್ನು ಬರೆಯಲು ಶುರುಮಾಡಿದವನು ಹೊರಬಂದು ಬೇಗ ಹ್ಯಾಂಗರ್ ಸೇರುತ್ತಾನೆ. ಹೊರಬಂದ ಮೇಲೆ ವಿಚಾರಿಸುವವನಿಗೆ ಆ ವರ್ಷಗಳು ಮನೆಖರ್ಚಿನಲ್ಲಿ ಕರಗುತ್ತವೆ.

ಅಧಿಕಾರಿಗಳ ಕತೆ ಬೇರೆ. ಸೈನಿಕಪುರಿಯ ಕಾಲೇಜ್ ಆಫ್ ಡಿಫೆನ್ಸ್ ಮ್ಯಾನೇಜ್‌ಮೆಂಟ್ 1970ರಿಂದ ಹಿರಿಯ ಅಧಿಕಾರಿಗಳಿಗೆ ಮ್ಯಾನೇಜ್‌ಮೆಂಟ್ ಕಲಿಸುತ್ತಿದೆ. ಅದಕ್ಕೆ ಉಸ್ಮಾನಿಯಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪದವಿಯೂ ಸಿಗುತ್ತದೆ. ನಿವೃತ್ತಿಯ ಹೊಸ್ತಿಲಲ್ಲಿ ಪುನರ್ವಸತಿ ಮಹಾನಿರ್ದೇಶನಾಲಯ, ಅಂದರೆ ಡಿಜಿಆರ್, ಐಐಎಂನಂಥ ಸಂಸ್ಥೆಗಳಲ್ಲಿ 24 ವಾರದ ಕೋರ್ಸ್ ಏರ್ಪಡಿಸಿ ಶುಲ್ಕದ ಶೇ 60ನ್ನು ಭರಿಸುತ್ತದೆ. ಜವಾನರಿಗೂ ಜೂನಿಯರ್ ಕಮಿಷನ್ಡ್ ಆಫೀಸರುಗಳಿಗೂ ಡಿಜಿಆರ್ ಕೋರ್ಸು ಪೂರ್ತಿ ಉಚಿತ. ಆದರೆ ಐಐಎಂ ಮುಗಿಸಿದ ಕರ್ನಲ್ ಕಂಪನಿಯ ಆಡಳಿತ ವಿಭಾಗದ ಮುಖ್ಯಸ್ಥನಾಗಿ ಸೇರುವಾಗ, ಅದೇ ಯೂನಿಟ್ಟಿನ ಹವಾಲ್ದಾರನ ಕೈಗೆ ಬರುವುದು ಕೆಲವು ವಾರಗಳ ಕೋರ್ಸಿನ ಸರ್ಟಿಫಿಕೇಟು. ಈ ಅಂತರವನ್ನು ಸಹಜವೆಂದು ಒಪ್ಪಿಕೊಳ್ಳುವುದು ಸರಿಯಲ್ಲ.

ಅಧಿಕಾರಿಯಾಗಿದ್ದೂ ಪೆನ್ಷನ್ ಇಲ್ಲದೆ ಹೊರಬಂದವರಲ್ಲಿ ಕನ್ನಡಿಗರಿಗೆ ಚಿರಪರಿಚಿತರು ಕ್ಯಾಪ್ಟನ್ ಗೋಪಿನಾಥ್. ಗೊರೂರಿನ ಹುಡುಗ, ಬಿಜಾಪುರದ ಸೈನಿಕ ಶಾಲೆ, ಎನ್‌ಡಿಎ, 1971ರ ಯುದ್ಧ. 28ನೇ ವಯಸ್ಸಿಗೆ ಸೇನೆ ಬಿಟ್ಟರು. ಹೇಮಾವತಿ ಅಣೆಕಟ್ಟಿಗೆ ಮುಳುಗಿದ ಮನೆತನದ ಜಮೀನಿಗೆ ಬದಲಾಗಿ ಜಾವಗಲ್ ಬಳಿ ಸಿಕ್ಕ ಬರಡು ನೆಲದಲ್ಲಿ ರೇಷ್ಮೆ ಕೃಷಿ ಮಾಡಿದರು. ಆ ಕೆಲಸಕ್ಕೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ನಡುವೆ ಹಾಸನದಲ್ಲಿ ಹೋಟೆಲ್ ನಡೆಸಿದರು, ಮೋಟಾರ್ ಸೈಕಲ್ ಡೀಲರ್ ಆದರು. 1997ರಲ್ಲಿ ಸೇನೆಯ ಹಳೆಯ ಗೆಳೆಯರೊಂದಿಗೆ ಹೆಲಿಕಾಪ್ಟರ್ ಕಂಪನಿ, 2003ರಲ್ಲಿ ಹುಬ್ಬಳ್ಳಿ-ಬೆಂಗಳೂರು ನಡುವೆ ಏರ್ ಡೆಕ್ಕನ್. ಅವರ ಸಾಧನೆ ದೊಡ್ಡದು. ಆದರೆ ಸಭೆಗಳಲ್ಲಿ ಮಾಜಿ ಸೈನಿಕರ ಮುಂದೆ ಇಂಥ ಒಬ್ಬರ ಕತೆ ಹೇಳಿ ಚಪ್ಪಾಳೆ ಗಿಟ್ಟಿಸಿ ಹೋಗುವವರು ಗಮನಿಸಬೇಕಾದದ್ದು ಆ ನಡುವಿನ ವರ್ಷಗಳನ್ನು. ಸೇನೆ ಬಿಟ್ಟ ದಿನದಿಂದ ವಿಮಾನ ಹಾರಿದ ದಿನದವರೆಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ಒಂದರ ನಂತರ ಒಂದು ಕೆಲಸ ಹಿಡಿದು ನೋಡಿದರು. ಹಾಗೆ ಹಿಡಿದು ನೋಡುವ ಅವಕಾಶ ಎರಡು ಮಕ್ಕಳ ಫೀಸು ಕಟ್ಟಬೇಕಾದ ನಾಯಕ್ ಹುದ್ದೆಯವನಿಗೆ ಇರುವುದಿಲ್ಲ.

ಜವಾನನ ಈ ಕಷ್ಟವನ್ನು ಬಹು ಹಿಂದೆಯೇ ಕಂಡವರು ಕೊಡಗಿನ ಫೀಲ್ಡ್ ಮಾರ್ಷಲ್ ಕಾರ್ಯಪ್ಪ. 1953ರಲ್ಲಿ ತಾವು ನಿವೃತ್ತರಾದ ಮೇಲೂ ಜವಾನನ ನಿವೃತ್ತಿಯ ಚಿಂತೆ ಅವರನ್ನು ಬಿಡಲಿಲ್ಲ. 1964ರಲ್ಲಿ ಮಾಜಿ ಸೈನಿಕರ ಲೀಗ್ ಸ್ಥಾಪಿಸಿದರು. ಪುನರ್ವಸತಿ ನಿರ್ದೇಶನಾಲಯ ರೂಪುಗೊಳ್ಳುವುದರ ಹಿಂದೆಯೂ ಅವರ ಒತ್ತಾಸೆಯಿತ್ತು.

ಹೊರದೇಶಗಳಲ್ಲಿ, ಸೈನಿಕನನ್ನು ಮತ್ತೆ ಓದಿಸುವುದಕ್ಕೆ ದೊಡ್ಡ ಮಾದರಿ ಅಮೆರಿಕದ್ದು. ಎರಡನೇ ಮಹಾಯುದ್ಧ ಇನ್ನೂ ಮುಗಿಯದಿರುವಾಗಲೇ, 1944ರ ಜೂನ್ 22ರಂದು ರೂಸ್‌ವೆಲ್ಟ್ ಸಹಿ ಹಾಕಿದ ಜಿಐ ಬಿಲ್ ಯೋಧರ ಕಾಲೇಜು ಶುಲ್ಕ ಮತ್ತು ಜೀವನ ವೆಚ್ಚವನ್ನು ಸರ್ಕಾರದ ಹೆಗಲಿಗೆ ಹಾಕಿತು. ಇವರು ಬಂದರೆ ವಿದ್ಯೆಯ ಮಟ್ಟ ಕುಸಿಯುತ್ತದೆ ಎಂದು ಹಾರ್ವರ್ಡ್, ಶಿಕಾಗೊ ವಿಶ್ವವಿದ್ಯಾಲಯಗಳ ಮುಖ್ಯಸ್ಥರೇ ಆತಂಕಪಟ್ಟಿದ್ದರು. 1947ರ ಹೊತ್ತಿಗೆ ಅಲ್ಲಿನ ಕಾಲೇಜು ವಿದ್ಯಾರ್ಥಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಯೋಧರೇ ಇದ್ದರು. ಒಟ್ಟು 22 ಲಕ್ಷ ಜನ ಕಾಲೇಜು ಮೆಟ್ಟಿಲೇರಿದರು, ಓದಿನಲ್ಲೂ ಮುಂದಿದ್ದರು. ಹಣದಷ್ಟೇ ಮುಖ್ಯವಾದ ಇನ್ನೊಂದು ಏರ್ಪಾಟು ಅಲ್ಲಿತ್ತು. ಕಾಲೇಜುಗಳ ಆವರಣದಲ್ಲೇ ಮಾರ್ಗದರ್ಶನ ಕೇಂದ್ರಗಳನ್ನು ತೆರೆದು, ಯೋಧನೊಂದಿಗೆ ಕೂತು ಮಾತಾಡಿ ಯಾವ ಓದು ಅವನಿಗೆ ಒಗ್ಗುತ್ತದೆ ಎಂದು ನೋಡುತ್ತಿದ್ದರು. ಸೇನಾ ತರಬೇತಿಯನ್ನು ಕಾಲೇಜಿನ ಕ್ರೆಡಿಟ್ಟಿಗೆ ಸರಿಹೊಂದಿಸಿ ಹೇಳುವ ಮಾರ್ಗಸೂಚಿಯೂ ಅಲ್ಲಿ ಆ ಕಾಲದಿಂದಲೇ ಇದೆ.

ನಮ್ಮಲ್ಲಿ ಸೇನೆಯ ನಂತರ ಏನು ಎಂಬ ಪ್ರಶ್ನೆ ಬೀದಿಗೆ ಬಂದದ್ದು 2022ರ ಜೂನ್ 17ರಂದು, ಸಿಕಂದರಾಬಾದ್ ರೈಲು ನಿಲ್ದಾಣದಲ್ಲಿ. ದೈಹಿಕ ಪರೀಕ್ಷೆ, ವೈದ್ಯಕೀಯ ಪರೀಕ್ಷೆ ಮುಗಿಸಿ, ಕೋವಿಡ್ ಕಾಲದಲ್ಲಿ ಲಿಖಿತ ಪರೀಕ್ಷೆಗಾಗಿ ಕಾದು ಕೂತಿದ್ದ ಹುಡುಗರು ಅಗ್ನಿಪಥ ಯೋಜನೆಯ ಸುದ್ದಿ ಕೇಳಿ ಕೆರಳಿದರು. ಬೋಗಿಗಳು ಹೊತ್ತಿ ಉರಿದವು, ಗುಂಡೇಟಿಗೆ ವಾರಂಗಲ್ ಕಡೆಯ ಯುವಕನೊಬ್ಬ ಸತ್ತ. ಆ ಯೋಜನೆಯಲ್ಲಿ ನಾಲ್ಕು ವರ್ಷ ಸೇವೆ, ಅನಂತರ ನಾಲ್ವರಲ್ಲಿ ಒಬ್ಬನಿಗೆ ಮಾತ್ರ ಕಾಯಂ ಕೆಲಸ. ಉಳಿದವರಿಗೆ ಸೇವಾನಿಧಿಯ ಸುಮಾರು 11.71 ಲಕ್ಷ ರೂಪಾಯಿ. ಅದರಲ್ಲಿ ಬಡ್ಡಿ ಬಿಟ್ಟರೆ ಅರ್ಧ ಅವರದೇ ಸಂಬಳದಿಂದ ಕಳೆದದ್ದು. ಪೆನ್ಷನ್ ಇಲ್ಲ, ಮಾಜಿ ಸೈನಿಕ ಎಂಬ ಸ್ಥಾನಮಾನವೂ ಇಲ್ಲ. 2023ರ ಜನವರಿಯಲ್ಲಿ ತರಬೇತಿ ಆರಂಭಿಸಿದ ಮೊದಲ ತಂಡದ ಅವಧಿ 2026ರ ಕೊನೆ, 2027ರ ಆರಂಭಕ್ಕೆ ತುಂಬುತ್ತದೆ. ಇವರು ಮೂವತ್ತೇಳರ ಹವಾಲ್ದಾರರಲ್ಲ. ಇಪ್ಪತ್ತೆರಡು, ಇಪ್ಪತ್ತಮೂರರ ಹುಡುಗರು. ಓದು ಅವರಿಗೆ ಆಸರೆಯಲ್ಲ, ಬದುಕಿನ ಬುನಾದಿ.

ಅವರಿಗಾಗಿ ಇಗ್ನೋ ಮೂರು ವರ್ಷದ ಕೌಶಲ ಆಧಾರಿತ ಪದವಿಯನ್ನು ರೂಪಿಸಿದೆ. ಸೇನೆಯಲ್ಲಿ ಪಡೆದ ತರಬೇತಿಗೇ ಅರ್ಧ ಕ್ರೆಡಿಟ್ ಸಿಗುತ್ತದೆ, ಉಳಿದರ್ಧವನ್ನು ಪುಸ್ತಕ ಹಿಡಿದು ಗಳಿಸಬೇಕು. ಎಸ್‌ಎಸ್‌ಎಲ್‌ಸಿ ಮುಗಿಸಿ ಸೇರಿದವರಿಗೆ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹನ್ನೆರಡನೇ ತರಗತಿ ಮುಗಿಸುವ ದಾರಿಯಿದೆ. ಸೈನಿಕನ ದುಡಿಮೆಯೇ ವಿದ್ಯೆ ಎಂದು ವಿಶ್ವವಿದ್ಯಾಲಯ ಒಪ್ಪಿಕೊಂಡದ್ದು ಒಳ್ಳೆಯ ಕೆಲಸ. ಇದೇ ಲೆಕ್ಕಾಚಾರ ಹಳೆಯ ಹವಾಲ್ದಾರರಿಗೂ ಪೂರ್ತಿಯಾಗಿ ಅನ್ವಯಿಸಬೇಕು. ಆದರೆ ಕಲೆಯೋ, ವಾಣಿಜ್ಯವೋ, ಪ್ರವಾಸೋದ್ಯಮವೋ, ಸಣ್ಣ ಉದ್ಯಮವೋ ಎಂದು ಆರಿಸಿಕೊಳ್ಳುವ ಫಾರಂ ಮಾತ್ರ ಹುಡುಗನ ಮೊಬೈಲಿಗೆ ಬರುತ್ತದೆ. ಆಗ ಅವನು ಲಡಾಖ್‌ನಲ್ಲೋ ತವಾಂಗ್‌ನಲ್ಲೋ ಇರುತ್ತಾನೆ.

ಅಲ್ಲಿ ಅವನ ಜೊತೆ ಕೂತು ಮಾತಾಡಬಲ್ಲವರನ್ನು ಸೇನೆಯೇ ಇಟ್ಟುಕೊಂಡಿದೆ. ಪಚ್‌ಮಢಿಯಲ್ಲಿ ತರಬೇತಿ ಪಡೆದ ಎಜುಕೇಷನ್ ಕೋರ್‌ನ ಮೇಷ್ಟ್ರುಗಳು ಯೂನಿಟ್ಟುಗಳಲ್ಲಿ ನಕ್ಷೆ ಓದುವುದನ್ನೂ ಬಡ್ತಿ ಪರೀಕ್ಷೆಯ ಪಾಠಗಳನ್ನೂ ಕಲಿಸುತ್ತಾರೆ. ಹುಡುಗ ಗನ್ನರೋ, ಡ್ರೈವರೋ, ಎಸ್‌ಕೆಟಿಯೋ, ಅವನ ಊರು ಯಾವುದು, ಊರಲ್ಲಿ ಹೊಲ ಇದೆಯೇ, ಅಲ್ಲಿಗೇ ಮರಳುತ್ತಾನೋ ಹೈದರಾಬಾದಿನಲ್ಲಿ ನಿಲ್ಲುತ್ತಾನೋ ಎಂದು ಎರಡನೇ ವರ್ಷ ತುಂಬುವ ಮೊದಲು ಪ್ರತಿಯೊಬ್ಬನನ್ನೂ ಒಮ್ಮೆ ಕೂರಿಸಿಕೊಂಡು ಕೇಳುವ ಕೆಲಸವನ್ನು ಅವರ ಡ್ಯೂಟಿಗೆ ಸೇರಿಸಲು ಹೊಸ ಕಾಯ್ದೆ ಬೇಡ, ಒಂದು ಆದೇಶ ಸಾಕು. ಹಾಗೆ ಕೇಳಿದ ಮೇಲೆ ಹೆಚ್ಚು ಕಾಯಬೇಕಿಲ್ಲ: ಇಗ್ನೋ ಪ್ರವೇಶ ವರ್ಷಕ್ಕೆ ಎರಡು ಬಾರಿ ತೆರೆಯುತ್ತದೆ, ಜನವರಿ ಮತ್ತು ಜುಲೈನಲ್ಲಿ.